ಸೋದರತ್ತಿ ಇಟ್ಟ ಹೆಸರು

ಕೇಶರಬಾಯಿ ಔರಾದದಾಗ ಮೋಟಾರು ಹತ್ತಿದಾಗ ಇನ್ನಾ ಹೊತ್ತು ಹುಟ್ಟಿರ್ಲಿಲ್ಲ. ಬಗಲಾಗ ಒಂದು ಗಂಟು, ಎದಿಗಿ ಅವಚಿಕೊಂಡ ಒಂದು ಹೊಸ ಮೊರ.

"ಮೊರ ಮ್ಯಾಲ ಹಾಕ್ರಿ ಬಾಯಿ, ಮಂದಿಗಿ ತಾಕ್ತದ" ಅಂದ ಕಂಡಕ್ಟರ.

"ಯಾಕ ಹಾಕ್ಲಿ? ಯಾರರ ಮ್ಯಾಲ ಟ್ರಂಕ್ ಇಟ್ಟು ಮುರಿದ್ರ ನೀ ಹೆಣೆದು ಕೊಡ್ತೀಯೇನು? ಟಿಕೀಟು ತಗೊಂಡಾಕಿ ಮಡಿಲಾಗ ಏನಿಟ್ಟುಕೊಂಡ್ರ ನಿನಗೇನು?"

ಒಂದು ಮಾತಿಗಿ ಮೂರು ಪ್ರಶ್ನಿ. ಕಂಡಕ್ಟರ ಮುಂದಿನ ಸೀಟಿಗಿ ಹೋದ. ಕೇಶರಬಾಯಿ ಕೂಡ ಮಾತಿಗಿ ಬಿದ್ದು ಗೆದ್ದವರು ಔರಾದದಾಗೇ ಇಲ್ಲ, ಆ ಬಡಪಾಯಿ ಏನು ಗೆದ್ದಾನು?

ಹೊರಗ ಇಷ್ಟು ಜೋರಿದ್ದಾಕಿ ಒಳಗ ಮಾತ್ರ ಅಂಜಿದ್ದಳು. ಭಾಲ್ಕ್ಯಾಗ ತಮ್ಮ ಕಾಶೀರಾಮನ ಕೂಸಿಗಿ ಹೆಸರಿಡೋ ತೊಟ್ಟಿಲ ಇತ್ತು. ನಮ್ಮ ಕಡಿ ತೊಟ್ಟಿಲದ ದಿನ ಕೂಸಿನ ಕಿವ್ಯಾಗ ಹೆಸರು ಹೇಳಾಕಿ ಸೋದರತ್ತಿ, ಅಂದ್ರ ಅಪ್ಪನ ಅಕ್ಕ ಇಲ್ಲಾ ತಂಗಿ. 'ಕುರ್ರ್' ಅಂತ ಕಿವ್ಯಾಗ ಊದಿ ಆಕಿ ಏನಂದಳೋ ಅದೇ ಹೆಸರು. ಅಪ್ಪನೂ ಬದಲ ಮಾಡಂಗಿಲ್ಲ, ಅವ್ವನೂ ಮಾಡಂಗಿಲ್ಲ. ಆಕಿ ಹೆಸರು ಹೇಳಿದ ಕೂಡ್ಲೆ ಸುತ್ತಲಿನ ಹೆಂಗಸರು ಆಕಿ ಬೆನ್ನಿಗಿ ಧಬಾ ಧಬಾ ಗುದ್ದಬೇಕು. ಗುದ್ದಿದಷ್ಟೂ ಎಲ್ಲಾರಿಗೂ ಹಿಗ್ಗು.

ಕಾಶೀರಾಮನ ಮೊದಲಿನ ಎರಡು ಗಂಡು ಕೂಸಿಗೂ ಹೆಸರಿಟ್ಟಾಕಿ ಇದೇ ಕೇಶರಬಾಯಿ. ಮೊದಲನೇದಕ್ಕ ಗೋರಖನಾಥ ಅಂದಳು, ಎರಡನೇದಕ್ಕ ಪಂಢರಿ ಅಂದಳು. ಒಂದು ಜ್ವರದಾಗ ಹೋಯ್ತು, ಇನ್ನೊಂದು ವಾಂತಿಭೇದ್ಯಾಗ ಹೋಯ್ತು. ಸಾವಿನ ಮನ್ಯಾಗ ಯಾರೋ ಪುಣ್ಯಾತ್ಗಿತ್ತಿ "ಕೇಶರಬಾಯಿದು ಬಾಯಿ ಛಲೋ ಇಲ್ಲವ್ವ" ಅಂದದ್ದು ಆಕಿ ಕಿವಿಗೇ ಬಿತ್ತು. ಎಲ್ಲಾರಿಗೂ ಉತ್ತರ ಕೊಡಾಕಿ ಆ ಮಾತಿಗಿ ಮಾತ್ರ ಉತ್ತರ ಕೊಡಲಿಲ್ಲ. ಅದು ಖರೇ ಇದ್ದರೂ ಇದ್ದೀತು ಅಂತ ಆಕಿಗೂ ಅನಿಸಿಬಿಟ್ಟಿತ್ತು.

ಅದಕ್ಕ ಈ ಸಲ ಆಕಿ ಹೆಸರು ಗಟ್ಟಿ ಮಾಡಿಕೊಂಡೇ ಹೊಂಟಿದ್ದಳು. ತಿಪ್ಪಣ್ಣ. ಕೂಸು ಉಳೀದ ಮನ್ಯಾಗ ಹಿಂದಿನಿಂದ ನಡೆದು ಬಂದದ್ದೇ ಇದು. ಕೂಸನ್ನ ಹೊಸ ಮೊರದಾಗ ಹಾಕಿ ತಿಪ್ಪಿ ಮ್ಯಾಲ ಇಡಬೇಕು, ಹಿಡಿ ಜ್ವಾಳ ಕೊಟ್ಟು ಯಾರದೋ ಕೂಸು ಕೊಂಡಂಗ ಮಾಡಿ ಎತ್ತಿಕೊಂಡು ಬರಬೇಕು, ತಿಪ್ಪಣ್ಣ ಅಂತ ಕರೀಬೇಕು. ಸಾವು ಬಂದು ನೋಡ್ತದ. 'ಥೂ, ಇದು ತಿಪ್ಪ್ಯಾಗಿಂದು' ಅಂತ ಮೂಗು ಮುಚ್ಚಿಕೊಂಡು ಮುಂದ ಹೋಗ್ತದ. ಕೂಸು ಉಳೀತದ. ಹೆಸರು ಹೊಲಸಾದ್ರ ಆಗ್ಲಿ!

ಬೀದರದಾಗ ಇಳಿದು ನೋಡ್ತಾಳ, ಊರಿಗೂರೇ ಎದ್ದು ಕುಣಿಲಿಕತ್ತದ. ಕಚೇರಿ ಮ್ಯಾಲ ಝಂಡಾ, ಬ್ಯಾಂಡು, ಸಾಲಿ ಹುಡುಗರ ಸಾಲು, ಜೈಕಾರ. ದಾರ್ಯಾಗ ನಿಂತ ಒಬ್ಬ ಮಾಸ್ತರ ಆಕಿ ಕೈಯಾಗೂ ಒಂದು ಪೇಢಾ ಇಟ್ಟ.

"ಏನದರಿ ಇವತ್ತು?"

"ಹೈದರಾಬಾದ ಸ್ಟೇಟ್ ಮುಗೀತು ಬಾಯಿ. ಇವತ್ತಿಂದ ನಾವು ಮೈಸೂರಿನವರು!"

"ಹೌದೇನು? ನಾ ಔರಾದ ಬಿಟ್ಟಾಗ ಯಾರೂ ಹೇಳ್ಲಿಲ್ಲಲ್ಲ? ಮೈಸೂರ ಯಾವ ಕಡಿ ಬರ್ತದ? ನಾವೇ ಅಲ್ಲಿಗಿ ಹೋಗಬೇಕೋ, ಅವರೇ ಇಲ್ಲಿಗಿ ಬರ್ತಾರೋ?"

ಮಾಸ್ತರ ಹೊಟ್ಟಿ ಹಿಡಕೊಂಡು ನಕ್ಕ. ಪೇಢಾ ಬಾಯಾಗ ಒಗಕೊಂಡು ಕೇಶರಬಾಯಿ ಸ್ಟೇಷನ್ನಿಗಿ ಓಡಿದಳು. ರೈಲು ಸೀಟಿ ಹೊಡೀಲಿಕತ್ತಿತ್ತು. ಬಳಿ ಮಾರೋ ಮುನ್ನಿಬೀ ಅನ್ನಾಕಿ ರೈಲಿನ ಡಬ್ಬಿ ಬಾಗಲದಾಗ ನಿಂತಿದ್ದಳು, ಕೈ ಹಿಡಿದು ಮೊರದ ಸಮೇತ ಒಳಗ ಎಳಕೊಂಡಳು.

ಹಲಬರ್ಗಾ ಸ್ಟೇಷನ್ ಬರೋದರಾಗ ಮುನ್ನಿಬೀಗಿ ಎಲ್ಲಾ ಸುದ್ದಿ ಗೊತ್ತಾಗಿತ್ತು. ಕೇಳಿ ಆಕಿ ಗಲ್ಲಕ್ಕ ಕೈ ಹಚ್ಚಿದಳು. "ಯಾ ಅಲ್ಲಾ! ಇಡೀ ಮುಲುಕಿಗಿ ಹೊಸ ಹೆಸರು ಬಂದ ದಿನ ನಿನ್ನ ಕೂಸಿಗಿ ತಿಪ್ಪಿ ಹೆಸರೇನವ್ವಾ?"

"ನಾಡು ಸಾಯಂಗಿಲ್ಲ ಮುನ್ನಿಬೀ. ಕೂಸು ಸಾಯ್ತದ" ಅಂದಳು ಕೇಶರಬಾಯಿ. ಆಕಿ ಭಾಲ್ಕ್ಯಾಗ ಇಳಿಯೋವಾಗ ಮುನ್ನಿಬೀ ಬಾಣಂತಿಗಿ ಅಂತ ಹಸರು ಬಳಿ ಕಟ್ಟಿಕೊಟ್ಟಳು.

ಭಾಲ್ಕಿ ಸ್ಟೇಷನದಾಗೇ ಕಾಶೀರಾಮ ಹಮಾಲಿ ಮಾಡ್ತಿದ್ದ. ಅಕ್ಕನ್ನ ಕಂಡದ್ದೇ ಹೆಗಲಿನ ಚೀಲ ಅಲ್ಲೇ ಇಳಿಸಿ ಓಡಿ ಬಂದ. ಮುಖ ಅನ್ನೋದು ದೀಪ ಹಚ್ಚಿಟ್ಟಂಗ ಆಗಿತ್ತು. ದಸರಾಕ್ಕ ನಾಗಪುರಕ್ಕ ಹೋಗಿ, ಬಾಬಾಸಾಹೇಬರು ದೀಕ್ಷಾ ಕೊಟ್ಟ ಆ ಮೈದಾನದಾಗ ತಾನೂ ಬೌದ್ಧ ಆಗಿ ಬಂದಾಗಿಂದ ಅಂವ ಹಿಂಗೇ ಇದ್ದ. ನೆಲದ ಮ್ಯಾಲ ಕಾಲೇ ನಿಲ್ತಿರ್ಲಿಲ್ಲ.

"ಅಕ್ಕಾ, ಈ ಸಲ ಹೆಸರು ನಾ ತಂದೀನಿ. ನಾಗಪುರದಾಗಿಂದ ತಂದೀನಿ. ಮಿಲಿಂದ!"

"ಏನದು? ಯಾವ ದೇವರು?"

"ದೇವರಲ್ಲ, ರಾಜ. ಯವನರ, ಅಂದ್ರ ಗ್ರೀಕರ ರಾಜ. ಕಂಡ ಕಂಡ ಪಂಡಿತರಿಗಿ ಪ್ರಶ್ನಿ ಕೇಳಿ ಕೇಳಿ ಬಾಯಿ ಕಟ್ಟಿಸಿಬಿಟ್ಟಿದ್ದನಂತ. ಕಡೀಕ ನಾಗಸೇನ ಅನ್ನೋ ಭಿಕ್ಕು ಸಿಕ್ಕರು. ಅವರಿಗೂ ಬಿಡಲಿಲ್ಲ. ಕೇಳಿದ, ಕೇಳಿದ, ಮನಸ್ಸಿಗಿ ಒಪ್ಪೋತನಕ ಕೇಳಿದ. ಒಪ್ಪಿದ ಮ್ಯಾಲೇ ತಲಿ ಬಾಗಿಸಿದ. ಔರಂಗಾಬಾದದ ಕಾಲೇಜಿನ ಹುಡುಗನೊಬ್ಬ ನನಗ ಈ ಕಥಿ ಹೇಳ್ದ. ಕೇಳ್ತಾ ಕೇಳ್ತಾ ನನಗ ನೀನೇ ನೆನಪಾದಿ ನೋಡು!"

ಕೇಶರಬಾಯಿಗಿ ನಗು ಬಂತು. ಬಂದ ನಗು ಹಂಗೇ ನುಂಗಿದಳು. "ಛಂದ ಅದ ತಮ್ಮಾ. ಆದ್ರ ಹೆಸರು ತಿಪ್ಪಣ್ಣ."

ಸ್ಟೇಷನ್ನಿಂದ ಮನಿತನಕ ಅಕ್ಕ ತಮ್ಮ ಜಗಳಾಡಿಕೋತೇ ಬಂದ್ರು. ಅಮಾಸಿ ಮುಂದ ತೊಟ್ಟಿಲ ಯಾಕ ಅಂತ ಆಕಿ. ಎಲ್ಲಾ ದಿನಾನೂ ಛಲೋ ಅಂತ ಅಂವ. ಓಣಿ ಬಾಗಲಿಗಿ ಬಂದಾಗ ಕಾಶೀರಾಮ ನಿಂತೇಬಿಟ್ಟ.

"ಅಕ್ಕಾ, ನಮ್ಮಪ್ಪನ್ನ ಊರಾಗ ಒಬ್ಬರರ ಹೆಸರು ಹಿಡಿದು ಕರೆದಾರೇನು? ತಿಪ್ಪಿ ದಂಡಿಗಿ ಮನಿ, ತಿಪ್ಪಿದೇ ಕೆಲಸ. ನಾ ಅದನ್ನೆಲ್ಲಾ ಕೊಡವಿ ಬಂದೀನಿ. ಈಗ ನನ್ನ ಮಗನ್ನ ನಾನೇ ಒಯ್ದು ತಿಪ್ಪಿ ಮ್ಯಾಲ ಇಡ್ಲೇನು?"

"ಮಗ ಉಳೀಲಿಲ್ಲಂದ್ರ ನಿನ್ನ ರಾಜಾನ ಹೆಸರು ತಗೊಂಡು ಏನ ಮಾಡ್ತಿ?" ಕೇಶರಬಾಯಿ ಮೊರ ಎದಿಗಿ ಒತ್ತಿಕೊಂಡಳು. "ಎರಡು ಸಲ ಈ ಬಾಯಿಲೆ ಛಂದ ಹೆಸರು ಹೇಳೀನಿ. ಎರಡು ಸಲಾನೂ ಮಣ್ಣು ಕೊಟ್ಟು ಬಂದೀವಿ. ಮೂರನೇದ್ದು ನನ್ನ ಕೈಲೆ ಆಗಂಗಿಲ್ಲ ಕಾಶೀ."

ಕಾಶೀರಾಮ ಆಕಿ ಬಗಲಾಗಿನ ಗಂಟು ತಾನೇ ಇಸಕೊಂಡ. ಅಕ್ಕನ ಎದ್ಯಾಗ ಇಂಥದ್ದೊಂದು ಕುಂತದ ಅಂತ ಅವನಿಗಿ ಗೊತ್ತೇ ಇರ್ಲಿಲ್ಲ.

ಒಳಗ ತೊಟ್ಟಿಲ ಕಟ್ಟಿ ಆಗಿತ್ತು. ಓಣ್ಯಾಗಿನ ಹೆಂಗಸರು ಒತ್ತಾಗಿ ಕುಂತಿದ್ರು. ಬಾಜೂಮನಿ ಕಾಂತಾಬಾಯಿ, ತುಂಬಿದ ಬಸರಿ, ಗ್ವಾಡಿಗಿ ಆನಿಕೊಂಡು ಎಲ್ಲಾರ ಮ್ಯಾಲೂ ಕಾರಭಾರ ಮಾಡಲಿಕತ್ತಿದ್ದಳು. ಬಾಣಂತಿ ಕೌಸಲ್ಯಾಬಾಯಿ ಎದ್ದು ಬಂದು ನಾದಿನಿ ಕಾಲು ಮುಟ್ಟಿದಳು. ಮೊರ ನೋಡಿದಳು. ಅದು ಯಾಕ ಬಂದದ ಅಂತ ಬಿಡಿಸಿ ಹೇಳೋದು ಬೇಕಾಗಿರ್ಲಿಲ್ಲ.

ಆಕಿ ಮೊರ ಇಸಕೊಂಡು ಒಲಿ ಹತ್ರ ಹೋಗಿ, ಹಂಚಲಿಕ್ಕ ಕುದಿಸಿಟ್ಟಿದ್ದ ಗುಗ್ಗರಿ ಅದರಾಗ ಸುರುವಿಬಿಟ್ಟಳು. ಹಬೆ ಎದ್ದಿತು.

"ಅಯ್ಯ, ಕೌಸಲ್ಯಾ! ಅದು ಕೂಸಿನ ಮೊರ!"

"ಗೊತ್ತದರಿ ಅಕ್ಕಾ." ಕೌಸಲ್ಯಾಬಾಯಿ ಬಂದು ಆಕಿ ಎದುರಿಗಿ ಕುಂತಳು. ಎಂದೂ ಹಿರಿಯರ ಎದುರು ನಾಕು ಮಾತು ಆಡಿದಾಕಿ ಅಲ್ಲ ಆಕಿ. "ನನ್ನ ಎರಡು ಕೂಸಿಗೂ ಹೆಸರು ಕೊಟ್ಟಾಕಿ ನೀವು. ಆ ಹೆಸರು ಅದಾವಂತೇ ನಾ ಇವತ್ತಿಗೂ ಅವನ್ನ ಕರೀತೇನಿ. ನೀರು ಸೇದುವಾಗ ಗೋರಖಾ ಅಂತೇನಿ, ರೊಟ್ಟಿ ಬಡಿಯುವಾಗ ಪಂಢರಿ ಅಂತೇನಿ. ತಿಪ್ಪಿ ಅಂತ ಇಟ್ಟಿದ್ರ ನಾ ಏನಂತ ಕರೀತಿದ್ದೆರಿ? ನಿಮ್ಮ ಬಾಯಿ ನನ್ನ ಮಕ್ಕಳನ್ನ ಕೊಂದಿಲ್ಲ ಅಕ್ಕಾ. ಜ್ವರ ಕೊಂದದ, ಭೇದಿ ಕೊಂದದ. ಅವು ಇದ್ದಷ್ಟು ದಿನ ಛಂದ ಹೆಸರಿಲೆ ಇದ್ವು. ಇದೂ ಹಂಗೇ ಇರ್ಲಿ. ಹೆಸರು ನೀವೇ ಇಡ್ರಿ. ನಿಮಗ ಬಿಟ್ಟು ಬ್ಯಾರೆ ಯಾರಿಗೂ ನಾ ಕೂಸು ಕೊಡಂಗಿಲ್ಲ."

ಕೇಶರಬಾಯಿ ಆಕಿ ಮುಖಾನೇ ನೋಡ್ತಾ ಕುಂತಳು. ಎಷ್ಟೋ ವರ್ಷದಿಂದ ಯಾರರ ಒಬ್ಬರು ಈ ಮಾತು ಅನ್ನಲಿ ಅಂತ ಆಕಿ ಕಾದಿದ್ದಳು. ಅದು ಇದೇ ಬಾಯಾಗಿಂದ ಬರ್ತದ ಅಂತ ತಿಳಕೊಂಡಿರ್ಲಿಲ್ಲ. ಸೆರಗಿಲೆ ಕಣ್ಣು ಮೂಗು ಒಮ್ಮೆಲೆ ಒರಸಿಕೊಂಡಳು.

"ಕಾಶೀ, ಆ ನಿನ್ನ ರಾಜ ಕಡೀತನಕ ಪ್ರಶ್ನಿ ಬಿಡಲಿಲ್ಲ ಅಂದಿ?"

"ಬಿಡಲಿಲ್ಲಕ್ಕಾ."

"ಯಾರೂ ಅವನಿಗಿ ಬಾಯಿ ಮುಚ್ಚು ಅನ್ನಲಿಲ್ಲ?"

"ಯಾರೂ ಅನ್ನಲಿಲ್ಲ."

ಕೇಶರಬಾಯಿ ಎದ್ದಳು. ಗಂಟಿನಾಗಿನ ಕುಂಚಿಗಿ ತೆಗೆದು ಕೂಸಿನ ತಲಿಗಿ ಕಟ್ಟಿದಳು, ತೊಟ್ಟಿಲದಾಗ ಹಾಕಿದಳು, ಬಗ್ಗಿದಳು. ಕೂಸು ಕಣ್ಣು ಬಿಟ್ಟುಕೊಂಡು ಮಿಕಿಮಿಕಿ ನೋಡ್ತು.

"ಕುರ್ರ್... ಮಿಲಿಂದ!"

ಬಿತ್ತು ನೋಡ್ರಿ ಬೆನ್ನಿಗಿ! ಧಬಾ ಧಬಾ ಧಬಾ! ಹೆಂಗಸರೆಲ್ಲಾ ಮುಕರಿಬಿದ್ದು ಗುದ್ದಿದ್ರು, ನಕ್ಕರು, ಕಿರಚಿದ್ರು. ಕೇಶರಬಾಯಿ ಅಳ್ತಾ ನಗ್ತಾ ಒದರಿದಳು, "ಗುದ್ರಿ! ಇನ್ನಾ ಜೋರ್ಲೆ ಗುದ್ರಿ! ಕೈಯಾಗ ಬಲಾ ಇಲ್ಲೇನು ಭಾಲ್ಕಿ ಹೆಂಗಸರಿಗಿ?"

ಅಷ್ಟಕ್ಕೇ ಆಕಿ ನಿಲ್ಲಲಿಲ್ಲ. ಕೂಸನ್ನ ಎತ್ತಿಕೊಂಡು ನಡುಓಣಿಗಿ ಬಂದು ನಿಂತಳು. ಝಂಡಾ ಏರಿಸಿ ಬರೋ ಮಂದಿ ಓಣಿ ಮುಂದ ಹೊಂಟಿತ್ತು. ಅವರಿಗಿ ಕೇಳಲಿ, ಅವರ ಹಿಂದ ಯಾವುದರ ಕೆಟ್ಟದ್ದು ಬರ್ಲಿಕತ್ತಿದ್ರ ಅದಕ್ಕೂ ಕೇಳಲಿ ಅಂತ ಗಂಟಲು ಹರಿಯೋ ಹಂಗ ಕೂಗಿದಳು.

"ಮಿಲಿಂದ! ಕಾಶೀರಾಮನ ಮಗ ಮಿಲಿಂದ! ಇಲ್ಲೇ ಇದೇ ಮನ್ಯಾಗ ಅದಾನ! ಕೇಳಸ್ತೇನು?"

ಮಂದಿ ನಿಂತು ನೋಡಿದ್ರು. ಅಂಥ ಹೆಸರು ಭಾಲ್ಕ್ಯಾಗ ಯಾರೂ ಕೇಳಿರ್ಲಿಲ್ಲ. ಇಬ್ಬರು ಮೂವರು ಮೆಲ್ಲಕ ಅಂದು ನೋಡಿದ್ರು, ರುಚಿ ನೋಡಿದಂಗ. ಕಾಂತಾಬಾಯಿ ನಡ ಹಿಡಕೊಂಡು ಹೊರಗ ಬಂದಳು.

"ಕೇಶರಕ್ಕಾ, ಗಂಡು ಹುಟ್ಟಿದ್ರ ನಾನೂ ಅದೇ ಇಡ್ತೇನಿ. ಸಿಟ್ಟಾಗಬ್ಯಾಡ್ರಿ ಮತ್ತ."

ಕೇಶರಬಾಯಿ ಕೂಸನ್ನ ಇನ್ನಷ್ಟು ಎದಿಗಿ ಅವಚಿಕೊಂಡಳು.

"ಇಡವ್ವಾ, ಇಡು. ಇಡೀ ಓಣಿಗೇ ಇಡ್ರಿ. ಎಲ್ಲಾರೂ ಮಿಲಿಂದನೇ ಆದ್ರ, ಸಾವು ಬಂದು ಯಾರನ್ನಂತ ಕೇಳೀತು?"