ದೇವಕಿಯ ಅಡುಗೆ ಕಟ್ಟೆ

ನಿವೃತ್ತಿಯಾಗಿ ಎರಡು ವರ್ಷವಾದರೂ ಇಂದುಶೇಖರರಿಗೆ ಫೈಲು ಕಟ್ಟುವ ಚಪಲ ಹೋಗಿರಲಿಲ್ಲ. ದೆಹಲಿಯ ಮಯೂರ್ ವಿಹಾರದ ಫ್ಲ್ಯಾಟಿನ ಅಡುಗೆಮನೆ ರಿಪೇರಿಗೂ ಒಂದು ಫೈಲು. ಊಟದ ಕೋಣೆಯ ಕಡೆಯ ಗೋಡೆ ಕೆಡವುವುದಕ್ಕೆ ಒಂದು ಹಾಳೆ, ಹಳೆಯ ನೆಲ ಕಿತ್ತು ಟೈಲ್ಸ್ ಕೂರಿಸುವುದಕ್ಕೆ ಇನ್ನೊಂದು, ಮೂವತ್ತಾರು ಇಂಚಿನ ಕಟ್ಟೆಗೆ ಮತ್ತೊಂದು. ಮೂರು ತಿಂಗಳಿಂದ ಇದೇ ಪುರಾಣ ಕೇಳಿ ಕೇಳಿ ಹೆಂಡತಿ ದೇವಕಿಗೆ ಸಾಕುಸಾಕಾಗಿತ್ತು.

ಅವಳಿಗೆ ಬೇಕಾಗಿದ್ದುದು ಒಂದೇ, ತನ್ನ ಎತ್ತರಕ್ಕೊಪ್ಪುವ ಕಟ್ಟೆ. ಆಕೆ ಕುಳ್ಳಿ. ಮದುವೆಯಾದಾಗಿನಿಂದ ಡೆಹ್ರಾಡೂನ್, ಜಬಲ್ಪುರ, ಆಮೇಲೆ ದೆಹಲಿಯಲ್ಲೇ ನಾಲ್ಕು ಕಡೆ, ಒಟ್ಟು ಆರು ಸರ್ಕಾರಿ ಕ್ವಾರ್ಟರ್ಸು. ಎಲ್ಲಾ ಯಾರ ಅಳತೆಗೋ ಕಟ್ಟಿಸಿದ ಕಟ್ಟೆಗಳು. ಮೊಳೆ ಹೊಡೆಯಲೂ ಅರ್ಜಿ ಕೊಡಬೇಕಾದ ಮನೆಯಲ್ಲಿ ಕಟ್ಟೆ ತಗ್ಗಿಸಿ ಎಂದು ಕೇಳುವುದುಂಟೇ? ಮೂವತ್ತನಾಲ್ಕು ವರ್ಷ ತುದಿಗಾಲಲ್ಲೇ ಚಪಾತಿ ಲಟ್ಟಿಸಿದ್ದಾಯಿತು.

ಕೊಟ್ಟದ್ದಕ್ಕೆ ಹೊಂದಿಕೊಳ್ಳುವ ಆ ಅಭ್ಯಾಸವೇ ಈಗ ಮುಳುವಾಗಿತ್ತು. ಟೇಪು ಹಿಡಿದು ಬಂದ ಮಿಸ್ತ್ರಿ ಇಕ್ರಾಮ್, ಆಂಟಿಗೆ ಹೇಗೆ ಬೇಕು ಎಂದು ಹಿಂದಿಯಲ್ಲಿ ಕೇಳಿದಾಗಲೆಲ್ಲ, ಹೇಗಿದ್ದರೂ ನಡೆಯುತ್ತೆ ಎಂದು ಬಾಯಿಂದ ಬಂದುಬಿಡುತ್ತಿತ್ತು. ಆಮೇಲೆ ತನ್ನನ್ನೇ ಬೈದುಕೊಳ್ಳುವಳು. ಒಮ್ಮೆ ಧೈರ್ಯ ಮಾಡಿ ಕಟ್ಟೆ ತಗ್ಗಿಸೋಣ ಎಂದು ಗಂಡನಿಗೆ ಹೇಳಿದಳು. ಎಲ್ಲರ ಮನೆಯಲ್ಲೂ ಮೂವತ್ತಾರೇ, ಬೇಕಾದರೆ ಹಳೆಯ ನೆಲ ಕೀಳದೆ ಅದರ ಮೇಲೆಯೇ ಟೈಲ್ಸ್ ಹಾಕಿಸೋಣ, ನೆಲ ಒಂದಿಂಚು ಏರಿದರೆ ನೀನೂ ಏರುತ್ತೀಯ ಎಂದರು ಪುಣ್ಯಾತ್ಮ. ದೊಡ್ಡ ಉಪಕಾರ!

ಗೋಡೆ ಒಡೆಯಲು ಸೊಸೈಟಿಯ ಒಪ್ಪಿಗೆ ಬೇಕಿತ್ತು. ಇಂದುಶೇಖರರು ಸಹಿ ಹಾಕಿ ಕೊಟ್ಟ ಅರ್ಜಿ ಮರುದಿನವೇ ವಾಪಸ್ಸು ಬಂತು, ಮಾಲೀಕರ ಸಹಿ ಇಲ್ಲವೆಂದು. ಹೆಂಗಸರ ಹೆಸರಿಗಾದರೆ ಸ್ಟ್ಯಾಂಪ್ ಡ್ಯೂಟಿ ಕಡಿಮೆಯೆಂದು ಅವರೇ ಫ್ಲ್ಯಾಟನ್ನು ಹೆಂಡತಿಯ ಹೆಸರಿಗೆ ನೋಂದಾಯಿಸಿದ್ದರು. ಇಬ್ಬರೂ ಅದನ್ನು ಮರೆತೇಬಿಟ್ಟಿದ್ದರು.

ಇಲ್ಲೊಂದು ಸೈನ್ ಹಾಕು ಎಂದು ಪೆನ್ನು ಕೊಟ್ಟರು. ದೇವಕಿ ಅರ್ಜಿಯನ್ನು ಎರಡು ಸಲ ಓದಿ ಕುರ್ಚಿಯಲ್ಲಿ ಕುಳಿತಳು.

"ಕಟ್ಟೆ ತಗ್ಗಿಸಿದ್ರೆ ಹಾಕ್ತೀನಿ ರೀ. ಇಲ್ದಿದ್ರೆ ಗೋಡೆ ಇದ್ದಲ್ಲೇ ಇರ್ಲಿ."

"ಕ್ವಾರ್ಟರ್ಸಲ್ಲಿದ್ದ ಅಷ್ಟು ವರ್ಷ ಒಂದು ದಿನಾನೂ ನೀನು ಬಾಯಿಬಿಟ್ಟು ಕೇಳ್ಲಿಲ್ವಲ್ಲ?"

"ಯಾರನ್ನ ಕೇಳೋದು? ಕ್ವಾರ್ಟರ್ಸು ಸರ್ಕಾರದ್ದು, ಫೈಲು ನಿಮ್ದು."

ಜೋರಾಗಿ ಹೇಳುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ. ಇಂದುಶೇಖರರು ಇಕ್ರಾಮನನ್ನು ಕರೆಸಿದರು.

ಅವನು ಅವಳನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದ. ಭುಜ ಇಳಿಸಿ ಆಂಟಿ ಎಂದ. ಇಳಿಸಿಯೇ ಇದ್ದೇನೆ ಎಂದಳು. ಮತ್ತೆ ಅಳೆದ, ಮತ್ತೆ ಅದನ್ನೇ ಹೇಳಿದ. ಅವಳಿಗೆ ರೇಗಿತು. ಇನ್ನೆಷ್ಟು ಇಳಿಸುವುದು?

ಇಂದುಶೇಖರರು ಫೈಲು ಕೆಳಗಿಟ್ಟು ಬಂದು, ಹಿಂದೆ ನಿಂತು, ಎರಡೂ ಭುಜಗಳನ್ನು ಅಂಗೈಯಿಂದ ಮೆಲ್ಲಗೆ ಒತ್ತಿದರು. ಭುಜಗಳು ಎರಡಿಂಚು ಕೆಳಗಿಳಿದವು. ಎಂದಿನಿಂದ ಹಾಗೆ ಎತ್ತಿಕೊಂಡೇ ಇದ್ದವೋ, ದೇವಕಿಗೆ ಅಳು ಬಂತು. ಬರೆದುಕೋ ಎಂದು ಇಂದುಶೇಖರರು ಇಕ್ರಾಮನಿಗೆ ತಗ್ಗಿದ ದನಿಯಲ್ಲಿ ಹೇಳಿದರು.

ಬರೆದುಕೊಂಡಾದ ಮೇಲೆ ಅವರು ಕೈ ತೆಗೆದರು. ಭುಜಗಳು ಮತ್ತೆ ಮೇಲಕ್ಕೆ ಹೋದವು.