ಇನ್ನೂರೈವತ್ತು ಮೈಕ್ರಾನ್

"ಗದ್ದ ಸರಿಯಾಗಿ ಇಡು. ಹಣೆ ಪಟ್ಟಿಗೆ ತಾಗಲಿ. ಆ ಹಸಿರು ಚುಕ್ಕೀನೇ ನೋಡ್ತಿರು."

"ಅಕ್ಕ, ಈ ಚುಕ್ಕೀನ ನಾನು ನನ್ನ ಗಂಡನ ಮುಖಕ್ಕಿಂತ ಹೆಚ್ಚು ನೋಡಿದೀನಿ," ಎಂದಳು ತಂಗಿ, ಗದ್ದ ಅಲ್ಲಾಡಿಸದೆ.

"ಮಾತಾಡಿದ್ರೆ ಕಣ್ಣು ಕುಣಿಯುತ್ತೆ. ಸುಮ್ನಿರು."

ಕಣ್ಣಿನ ಆಸ್ಪತ್ರೆಯ ಆ ಒಳಕೋಣೆಗೆ ಬೆಳಗು ಬರುತ್ತಿರಲಿಲ್ಲ. ಕಪ್ಪು ಪರದೆಯ ಆಚೆ ಲೋಕ ಎದ್ದು ಓಡಾಡುತ್ತಿದ್ದರೂ ಇಲ್ಲಿ ಇನ್ನೂ ಅರೆನಿದ್ದೆಯ ಕತ್ತಲು. ಅಕ್ಕ ರೆಟಿನಾದ ಸ್ಕ್ಯಾನ್ ತೆಗೆಯುವವಳು. ತಂಗಿ ಎದುರಿನ ಕನ್ನಡಕದ ವಿಭಾಗದಲ್ಲಿ ಮಸೂರಗಳ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವವಳು. ಮೊದಲ ರೋಗಿ ಬರುವ ಮುಂಚೆ ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ದಿನವೂ ಪರೀಕ್ಷಿಸಬೇಕು. ಅದಕ್ಕೆಂದೇ ಯಂತ್ರದ ಜೊತೆ ಒಂದು ಪ್ಲಾಸ್ಟಿಕ್ ಕಣ್ಣು ಬಂದಿತ್ತು. ಆದರೆ ಅದನ್ನು ಬೀರುವಿನಿಂದ ತೆಗೆದು, ಒರೆಸಿ, ಜೋಡಿಸುವುದು ದೊಡ್ಡ ರಗಳೆ. ತಂಗಿಯ ಕಣ್ಣಾದರೋ ಕರೆದರೆ ತಾನೇ ನಡೆದುಕೊಂಡು ಬರುತ್ತಿತ್ತು.

ಅವಳ ಎಡಗಣ್ಣಿನ ರೆಟಿನಾ ನಟ್ಟನಡುವೆ ಇನ್ನೂರೈವತ್ತು ಮೈಕ್ರಾನ್ ದಪ್ಪ. ವರ್ಷಗಳಿಂದ ಅಷ್ಟೇ, ಒಂದೆರಡು ಆಚೆ ಈಚೆ. ಡಾಕ್ಟರು ಅವಳನ್ನು "ನಮ್ಮ ಅಳತೆಗೋಲು" ಎಂದೇ ಕರೆಯುತ್ತಿದ್ದರು. ಒಂದು ತಲೆಗೂದಲೇ ಎಪ್ಪತ್ತು ಮೈಕ್ರಾನ್ ಇರುತ್ತದೆ. ಮೂರೂವರೆ ಕೂದಲಿನಷ್ಟು ದಪ್ಪದ ಒಂದು ಪೊರೆಯ ಮೇಲೆ ಮನೆ, ಬೀದಿ, ಆಕಾಶ, ಬೇಕಾದವರು, ಬೇಡದವರು ಎಲ್ಲರೂ ಬಂದು ಕೂರುತ್ತಾರಲ್ಲ ಎಂದು ನೆನೆದಾಗಲೆಲ್ಲ ಅಕ್ಕನಿಗೆ ತಾನು ನೆಲದಿಂದ ತುಸು ಮೇಲೆದ್ದಂತೆ ಅನಿಸುತ್ತಿತ್ತು.

ಈಚೆಗೆ ಆ ಅಂಕಿ ಮೆಲ್ಲಗೆ ಏರತೊಡಗಿತ್ತು. ಮೊದಲು ಇನ್ನೂರ ಅರವತ್ತು, ಆಮೇಲೆ ಎಂಬತ್ತು, ಇವತ್ತು ಮುನ್ನೂರು ದಾಟಿತ್ತು. ಯಂತ್ರಕ್ಕೆ ವಯಸ್ಸಾಯಿತು ಎಂದುಕೊಂಡಳು ಅಕ್ಕ. ಗಾಜು ಒರೆಸಿದ್ದಳು, ಸ್ವಿಚ್ ಆರಿಸಿ ಮತ್ತೆ ಹಾಕಿದ್ದಳು, ಬೈದೂ ನೋಡಿದ್ದಳು. ಯಾವುದಕ್ಕೂ ಜಗ್ಗದಾಗ ರಿಪೇರಿಯವನಿಗೆ ಹೇಳಿಕಳಿಸಿದ್ದಳು.

"ಆಯ್ತು, ಏಳು," ಎಂದಳು. ತಂಗಿ ಎದ್ದು, ಬಾಗಿಲ ಚೌಕಟ್ಟನ್ನು ಒಮ್ಮೆ ಬೆರಳಿಂದ ಸವರಿ, ತನ್ನ ಕೆಲಸಕ್ಕೆ ಹೋದಳು.

ಮಧ್ಯಾಹ್ನ ಬಂದ ರಿಪೇರಿಯವನು ಮಿತಭಾಷಿ. ಬೀರುವಿನಿಂದ ಪ್ಲಾಸ್ಟಿಕ್ ಕಣ್ಣು ತೆಗೆದು, ಉಫ್ ಎಂದು ಧೂಳು ಊದಿ, ಯಂತ್ರದ ಮುಂದೆ ಕೂರಿಸಿದ. ಅದರ ಮೇಲೆ ಅಚ್ಚಾಗಿದ್ದ ಅಂಕಿಯೇ ಪರದೆಯ ಮೇಲೂ ಮೂಡಿತು. ಮತ್ತೊಮ್ಮೆ ಅಳೆದ. ಮತ್ತೆ ಅದೇ.

"ಯಂತ್ರ ಸರಿಯಾಗೇ ಇದೆ ಮೇಡಂ."

"ಏನು ಸರಿ? ಐವತ್ತು ಜಾಸ್ತಿ ತೋರಿಸ್ತಿದೆ!"

"ಯಾರ ಕಣ್ಣಲ್ಲಿ?"

ಅಕ್ಕ ಬೆಳಗಿನ ಚಿತ್ರವನ್ನು ಪರದೆಗೆ ತಂದಳು. ದಿನವೂ ಅವಳ ಕಣ್ಣು ಹೋಗುತ್ತಿದ್ದದ್ದು ಮೂಲೆಯ ಅಂಕಿಗೆ ಮಾತ್ರ. ಈಗ ಚಿತ್ರ ನೋಡಿದಳು. ಮಡಿಸಿಟ್ಟ ಹೊದಿಕೆಗಳಂತೆ ಒಂದರ ಮೇಲೊಂದು ಪದರ. ನಡುವೆ ತಗ್ಗಿರಬೇಕಾದಲ್ಲಿ ಪದರಗಳೆಲ್ಲ ಉಬ್ಬಿದ್ದವು, ಅಡಿಯಲ್ಲಿ ಕಪ್ಪಗೆ ಒಂದು ಗುಳ್ಳೆ. ಬೇರೆಯವರ ಕಣ್ಣಾಗಿದ್ದರೆ ನಿದ್ದೆಗಣ್ಣಲ್ಲೂ ಹಿಡಿದುಬಿಡುತ್ತಿದ್ದಳು. ಮನೆಯವರ ಮುಖವನ್ನು ಯಾರು ದಿಟ್ಟಿಸಿ ನೋಡುತ್ತಾರೆ? ತಂಗಿಯನ್ನು ಕರೆದುಕೊಂಡು ಡಾಕ್ಟರ ಕೋಣೆಗೆ ನಡೆದಳು.

ಡಾಕ್ಟರು ಚಿತ್ರ ತೋರಿಸುತ್ತಲೇ ತಂಗಿಗೆ ಹೇಳಿದರು. ರೆಟಿನಾದ ಕೆಳಗೆ ನೀರು ನಿಂತಿದೆ. ಎಷ್ಟೋ ಜನರಿಗೆ ಕೆಲವು ತಿಂಗಳಲ್ಲಿ ತಾನಾಗಿ ಇಂಗುತ್ತದೆ. ಕೆಲವರಿಗೆ ಇಂಗದೆ ಕಲೆ ಉಳಿಯುತ್ತದೆ, ಆಗ ನಡುವಿನ ನೋಟ ಮರಳಿ ಬರುವುದಿಲ್ಲ. ಸದ್ಯಕ್ಕೆ ಮಸೂರ ಉಜ್ಜುವುದು ಬೇಡ.

"ಗೆರೆಗಳು ಬಾಗಿದ ಹಾಗೆ ಕಾಣ್ತಿರಲಿಲ್ವೇನಮ್ಮ?"

"ಕಾಣ್ತಿತ್ತು ಡಾಕ್ಟ್ರೇ. ಬಾಗಿಲು, ಕಿಟಕಿ ಎಲ್ಲ ನೀರೊಳಗೆ ನಿಂತ ಹಾಗೆ. ನೋಡೋಕೆ ಚೆನ್ನಾಗೇ ಇತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ದಿನಾ ಬೆಳಿಗ್ಗೆ ಅಕ್ಕ ನೋಡ್ತಿದ್ಳಲ್ಲ," ಎಂದಳು ತಂಗಿ. "ಏನಾದ್ರೂ ಇದ್ದಿದ್ರೆ ಅವಳೇ ಹೇಳ್ತಿದ್ಳು."

ಅದರಲ್ಲಿ ದೂರಿನ ಸೋಂಕೂ ಇರಲಿಲ್ಲ. ದೂರಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳೇನೋ. ಭೂಮಿ ಬಾಯಿ ಬಿಡಬಾರದೇ ಅನಿಸಿ ಗೋಡೆಯ ಕಡೆ ತಿರುಗಿದಳು.

ಸಂಜೆ ಇಬ್ಬರೂ ನಡೆದೇ ಹೊರಟರು. ಬೀದಿಯಲ್ಲಿ ಇನ್ನೂ ಹಳದಿ ಬೆಳಕಿತ್ತು, ಅಂಗಡಿಗಳ ಗಾಜುಗಳಲ್ಲಿ ಅದು ಮೆಲ್ಲಗೆ ತೇಲುತ್ತಿತ್ತು. ಜನ ಯಾವ ಅವಸರವೂ ಇಲ್ಲದೆ ಸಾಗುತ್ತಿದ್ದರು.

"ತಪ್ಪಾಯ್ತು ಕಣೇ ಪುಟ್ಟಿ. ಅಂಕಿ ನೋಡ್ದೆ. ನಿನ್ನ ನೋಡ್ಲಿಲ್ಲ."

"ಬಿಡಕ್ಕ." ತಂಗಿ ನಡೆಯುತ್ತಲೇ ಅಂಗಡಿಯೊಂದರ ಗಾಜಿನತ್ತ ನೋಡಿದಳು. "ಕಣ್ಣು ಹೋಗುತ್ತಾ?"

ಏನೂ ಆಗಲ್ಲ ಎನ್ನುವುದು ಅಕ್ಕನ ನಾಲಿಗೆ ತುದಿಯಲ್ಲೇ ಇರುತ್ತಿತ್ತು. ಎಷ್ಟು ರೋಗಿಗಳಿಗೆ ಹೇಳಿಲ್ಲ! "ಗೊತ್ತಿಲ್ಲ," ಎಂದಳು.

ತಂಗಿ ನಿಂತಳು. ಅಕ್ಕ ಅದನ್ನು ಗಮನಿಸದೆ ನಾಲ್ಕು ಹೆಜ್ಜೆ ಮುಂದೆ ಹೋಗಿ, ತಿರುಗಿ ನೋಡಿದಳು. ತಂಗಿ ಬಲಗಣ್ಣಿಗೆ ಅಂಗೈ ಮುಚ್ಚಿಕೊಂಡು ತನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ನಗು ಇತ್ತು.

"ಏನಾಯ್ತೇ?"

"ಈ ಕಣ್ಣಿಗೆ ಎಲ್ಲ ಚಿಕ್ಕದಾಗಿ ಕಾಣುತ್ತೆ ಅಕ್ಕ. ನೀನೂ. ಅಮ್ಮ ಕೆಲಸಕ್ಕೆ ಹೋದ್ಮೇಲೆ ನನ್ನ ಕೈ ಹಿಡ್ಕೊಂಡು ಸ್ಕೂಲಿಗೆ ಕರ್ಕೊಂಡು ಹೋಗ್ತಿದ್ದೆಯಲ್ಲ, ಈಗ ಅಷ್ಟೇ ಎತ್ತರ ಇದೀಯ."

ಅಕ್ಕ ಅವಳತ್ತ ಹೆಜ್ಜೆ ಎತ್ತಿದಳು.

"ಬರಬೇಡ," ಎಂದಳು ತಂಗಿ. "ಸ್ವಲ್ಪ ಹೊತ್ತು ಅಲ್ಲೇ ಇರು."

ಹಿಂದಿನಿಂದ ಬಂದ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿದ, ಗೊಣಗುತ್ತಾ ಪಕ್ಕಕ್ಕೆ ಹಾಯ್ದುಹೋದ. ಅಕ್ಕ ಕೈಗಳನ್ನು ಇಳಿಬಿಟ್ಟು, ಬೀದಿಯ ನಡುವೆ ಅಲುಗಾಡದೆ ನಿಂತಳು.