ಕಾಫಿ ಬಿಟ್ಟವನ ಪಟ್ಟಿ

ಕೆನೆ ಕಟ್ಟಿತು, ಇವತ್ತೂ ಕಟ್ಟಿತು, ಊದಿದರೆ ಸುಕ್ಕಾಗುವಷ್ಟು ದಪ್ಪಕ್ಕೆ, ಐದು ತಿಂಗಳಿಂದ ದಿನಾ ಬೆಳಿಗ್ಗೆ ಬೆಂಜಮಿನನ ಮುಂದೆ ಕಾಫಿ ಇಡುತ್ತೇನೆ, ದಿನಾ ಅವನು ಅದನ್ನು ಎರಡು ಬೆರಳಿನಿಂದ ಆಚೆ ಸರಿಸುತ್ತಾನೆ, ಬರ್ತಾ, ನೀರು ಕೊಡು ಸಾಕು, ಎನ್ನುತ್ತಾನೆ, ಗೊತ್ತಿದ್ದೂ ಇಡುತ್ತೇನೆ, ಒಂದು ದಿನ ಮರೆತು ಕುಡಿದುಬಿಟ್ಟರೆ ಅವನ ಬಣ್ಣ ಬಯಲಾಗುತ್ತದಲ್ಲ ಎಂದು, ಆದರೆ ಮರೆಯುವುದಿಲ್ಲ ಮಹಾರಾಯ, ನೀರೇ ಬೇಕು, ಸ್ಟೀಲ್ ಲೋಟದಲ್ಲಿ, ತಲೆ ಹಿಂದಕ್ಕೆ ಚೆಲ್ಲಿ ಗಟಗಟ ಕುಡಿಯುತ್ತಾನೆ, ಆಗ ನಾನು ಸಿಂಕಿನ ಕಡೆ ತಿರುಗಿ ಇಲ್ಲದ ಪಾತ್ರೆ ತೊಳೆಯುತ್ತೇನೆ, ಸ್ವಂತ ಗಂಡ ನೀರು ಕುಡಿಯುವುದನ್ನು ನೋಡಲು ಹೆದರುವ ಹೆಂಗಸು ಇಡೀ ಕೆಮ್ಮಣ್ಣಿನಲ್ಲಿ ನಾನೊಬ್ಬಳೇ ಇರಬೇಕು — ಬಚ್ಚಲಿನಲ್ಲಿ ನಲ್ಲಿ ಬಿಟ್ಟ ಸದ್ದು, ಬಕೆಟ್ ತುಂಬುತ್ತಾ ಉಂಟು, ತುಂಬಿ, ಸೋಪು ಹಾಕಿ, ಮಿಂದು ಬರಲು ಅವನಿಗೆ ಹದಿನೈದು ನಿಮಿಷ, ಇವತ್ತು ಭಾನುವಾರ, ಬಿಳಿ ಅಂಗಿ ಇಸ್ತ್ರಿಯಾಗಿ ಬಾಗಿಲ ಹಿಂದೆ ನೇತಾಡುತ್ತಿದೆ, ಎಂಟೂವರೆಯ ಬಸ್ಸಿಗೆ ಮಣಿಪಾಲ, ಅಲ್ಲಿ ಯಾವುದೋ ಫ್ಲ್ಯಾಟಿನಲ್ಲಿ ಏಳೆಂಟು ಜನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪ್ರಾರ್ಥನೆ ಮಾಡುತ್ತಾರಂತೆ, ನೀನೂ ಬಾ ಬರ್ತಾ, ಒಂದು ಸಲ ಬಂದು ನೋಡು, ಎಂದ, ಕುರ್ಚಿಯ ಮೇಲೆ ಅವನ ಫೈಲು, ದಾರ ಕಟ್ಟಿದ್ದು, ಎಂದೂ ಇಲ್ಲಿ ಬಿಟ್ಟು ಹೋಗುವವನಲ್ಲ. ಇವತ್ತು ಬಿಟ್ಟಿದ್ದಾನೆ.

ಯಾಕೆ ಬಿಟ್ಟ, ಮರೆತನಾ, ನಾನು ನೋಡಲಿ ಎಂದೇ ಇಟ್ಟನಾ — ಈ ಮನುಷ್ಯ ಅಬುಧಾಬಿಯಲ್ಲಿ ಮೂವತ್ತಮೂರು ವರ್ಷ ಏಸಿ ರಿಪೇರಿ ಮಾಡಿದವ, ಸ್ಕ್ರೂ ಒಂದನ್ನು ಕೂಡ ಮರೆಯುವವನಲ್ಲ, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ, ಈ ಈಸ್ಟರಿಗೆ ಪೂರ್ತಿಯಾಗಿ ಬಂದ, ಬಂದವನು ಮೊದಲ ದಿನವೇ ಕಾಫಿ ಬೇಡ ಎಂದ, ಟೀಯೂ ಬೇಡ, ವೈನೂ ಬೇಡ, ಸಕ್ಕರೆ ಕಾಯಿಲೆ ಎಂದುಕೊಂಡೆ, ಹಟ ಹಿಡಿದು ಉಡುಪಿಗೆ ಕರಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇದ್ದದ್ದು ನನಗೆ, ಆಮೇಲೆ ಹೆಂಗಸು ಎಂದುಕೊಂಡೆ, ಫಿಲಿಪ್ಪೀನ್ಸಿನವಳು ಯಾರೋ ಅವನ ಅಭ್ಯಾಸ ಬದಲಿಸಿದ್ದಾಳೆ, ಒಂದು ದಿನ ಬಾಗಿಲ ಹಿಂದೆ ನಿಂತು ಅವನ ಫೋನಿನ ಮಾತು ಕೇಳಿದೆ, ಇಣುಕಿದರೆ ಪರದೆಯ ಮೇಲೆ ಒಬ್ಬ ಬೋಳುತಲೆಯ ಫೋರ್‌ಮನ್, ಬ್ರದರ್ ಬ್ರದರ್ ಎಂದು ಅಳುತ್ತಿದ್ದಾನೆ, ಇವನೂ ಅಳುತ್ತಿದ್ದಾನೆ, ಅವನೇ ಅಂತೆ ಇವನಿಗೆ ದಿನಾ ಓದುವ ಆ ನೀಲಿ ಪುಸ್ತಕ ಕೊಟ್ಟದ್ದು, ಮಾರ್ಮನ್ನರು ಎಂಬ ಪಂಗಡವಂತೆ, ಕಾಫಿ ಟೀ ವೈನು ಮುಟ್ಟಬಾರದಂತೆ, ಯೇಸುವನ್ನೇ ನಂಬುವವರಂತೆ, ಮತ್ತೆ ನಾವು ಇಷ್ಟು ವರ್ಷ ಇಗರ್ಜಿಯಲ್ಲಿ ಯಾರನ್ನು ನಂಬಿದ್ದು ಎಂದು ಕೇಳಿದೆ, ಅವನನ್ನೇ, ಆದರೆ ನಡುವೆ ಸ್ವಲ್ಪ ಕಳೆದುಹೋಗಿತ್ತು, ಅದನ್ನು ದೇವರು ಪುನಃ ಕೊಟ್ಟ, ಎಂದ. ಹೆಂಗಸಾಗಿದ್ದರೆ ಸುಲಭವಿತ್ತು, ಹೆಂಗಸಾದರೆ ನಾಲ್ಕು ಮಾತು ಬೈಯಬಹುದು, ಪ್ರವಾದಿಯನ್ನು ಹೇಗೆ ಬೈಯುವುದು, ಅದೂ ಈಗಲೂ ಬದುಕಿರುವ ಪ್ರವಾದಿ, ಅಮೆರಿಕದಲ್ಲಿದ್ದಾನಂತೆ, ಕೋಟು ಟೈ ಹಾಕಿಕೊಂಡವ, ದೇವರು ಹಿಂದೆ ಮಾತಾಡಿ ಈಗ ಬಾಯಿ ಮುಚ್ಚಿ ಕೂತಿಲ್ಲ ಬರ್ತಾ, ಈಗಲೂ ಮಾತಾಡುತ್ತಾನೆ, ನೀನು ಕೇಳಿದರೆ ನಿನ್ನ ಹತ್ತಿರವೂ ಮಾತಾಡುತ್ತಾನೆ. ನನ್ನ ಹತ್ತಿರ ಬೇಡ. ಮಾತಾಡಿದರೆ ಏನು ಕೇಳುತ್ತಾನೆಂದು ನನಗೆ ಗೊತ್ತು.

ನಲ್ಲಿ ನಿಂತಿತು, ಈಗ ಮಗ್ಗಿನ ಸದ್ದು, ಒಂದು, ಎರಡು — ಅವನ ಹೊಸ ಸಭೆಯನ್ನು ಸಾರುವ ಆ ಇಬ್ಬರು ಹುಡುಗರು ಮೊದಲ ಸಲ ಮನೆಗೆ ಬಂದಾಗಲೂ ಹೀಗೆಯೇ ಕೂತು ಲೆಕ್ಕ ಹಾಕಿದ್ದೆ, ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು, ಬಿಳಿ ಅಂಗಿ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ, ಇಬ್ಬರಿಗೂ ಎಲ್ಡರ್ ಎಂದೇ ಕರೆಯಬೇಕಂತೆ, ಹಿರಿಯರು, ಮೀಸೆ ಸರಿಯಾಗಿ ಮೂಡದ ಹಿರಿಯರು, ಆಂಧ್ರದ ಕಡೆಯವನೊಬ್ಬ ಹರುಕು ಕನ್ನಡದಲ್ಲಿ ಹೇಳುತ್ತಿದ್ದ, ಹದಿನಾಲ್ಕು ವರ್ಷದ ಹುಡುಗನೊಬ್ಬ ಯಾವ ಸಭೆ ಸರಿ ಎಂದು ತಿಳಿಯದೆ ಮರಗಳ ತೋಪಿಗೆ ಹೋಗಿ ಮೊಣಕಾಲೂರಿದನಂತೆ, ಬೆಳಕು ಇಳಿಯಿತಂತೆ, ಮುಂದೆ ದೇವದೂತ ಬಂದು ಗುಡ್ಡದಲ್ಲಿ ಹೂತಿಟ್ಟ ಚಿನ್ನದ ತಗಡು ತೋರಿಸಿದನಂತೆ, ಈಗ ಆ ಚಿನ್ನ ಎಲ್ಲಿ ಉಂಟು, ಎಂದು ನಾನು ಅಡುಗೆ ಮನೆಯಿಂದಲೇ ಕೇಳಿದೆ, ದೇವದೂತ ವಾಪಸ್ ತೆಗೆದುಕೊಂಡ ಆಂಟಿ, ಎಂದ, ಒಳ್ಳೆಯದಾಯಿತು, ರಶೀದಿ ಕೊಟ್ಟನಾ, ಎಂದೆ, ಬೆಂಜಮಿನ್ ನನ್ನನ್ನು ನೋಡಿದ, ಹುಡುಗ ಮಾತ್ರ ನಕ್ಕುಬಿಟ್ಟ, ನೀವು ನಮ್ಮನ್ನು ನಂಬುವುದು ಬೇಡ ಆಂಟಿ, ಓದಿ, ದೇವರನ್ನೇ ಕೇಳಿ, ನಿಜವಾದರೆ ಎದೆಯೊಳಗೆ ಬೆಚ್ಚಗಾಗುತ್ತದೆ, ಎದೆ ಬೆಚ್ಚಗಾಗಲಿಕ್ಕೆ ನನಗೆ ಗ್ಯಾಸ್ಟ್ರಿಕ್ ಸಾಕು ಮಗಾ, ಎಂದೆ, ಕಾಫಿ ಕೊಟ್ಟರೆ ಅವರೂ ಕುಡಿಯಲಿಲ್ಲ, ಮೂರು ಲೋಟ ಕಾಫಿ ಸಿಂಕಿಗೆ ಸುರಿದೆ ಆವತ್ತು. ಅದಾದ ವಾರಕ್ಕೆ ಬೆಂಜಮಿನನ ಪಟ್ಟಿ ಶುರುವಾಯಿತು, ನಿನ್ನ ಅಜ್ಜಿಯ ಪೂರ್ತಿ ಹೆಸರು ಎಂತ, ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ, ನಿನ್ನ ಅಪ್ಪನ ಅಪ್ಪ, ಅವರ ಅಪ್ಪ, ನಾನು ಹೇಳುತ್ತಾ ಹೋದೆ, ಮೊಂತಿ ಹಬ್ಬಕ್ಕೆ ತವರುಮನೆ ಇನ್ನಂಜೆಗೆ ಹೋದಾಗ ಅಣ್ಣ ಆಲ್ಫೋನ್ಸನಿಗೆ ಬಾಯಿ ತಪ್ಪಿ ಹೇಳಿದೆ, ಅವನು ಹೊಸ ತೆನೆಯ ಪಾಯಸದ ಬಟ್ಟಲು ಕೆಳಗಿಟ್ಟ, ಅಲ್ಲ ಮಾರಾಯ್ತಿ, ನಿಂಗೆ ಬುದ್ಧಿ ಉಂಟಾ, ಇದು ವಂಶವೃಕ್ಷ, ಜಾಗ ಪಾಲು ಮಾಡ್ಲಿಕ್ಕೆ ಎಲ್ಲರೂ ಇದನ್ನೇ ಬರೆಸುವುದು, ನಿನ್ನ ಗಂಡ ಅಪ್ಪನ ಜಾಗದ ಮೇಲೆ ಕಣ್ಣು ಹಾಕಿದ್ದಾನೆ, ಸಹಿ ಕೇಳಿದ್ರೆ ಹಾಕಬೇಡ ನೀನು — ಮರುದಿನವೇ ಬೆಂಜಮಿನ್ ಸಹಿ ಕೇಳಿದ.

ಆ ಜಾಗ ಹೋದರೆ ಹೋಗಲಿ, ತೆಂಗಿನ ಮರ ಹೋಗಲಿ, ಆದರೆ ಬಾವಿಯ ಹಿಂದೆ ಆ ಚಪ್ಪಟೆ ಕಲ್ಲು ಉಂಟಲ್ಲ, ಅದರ ಕೆಳಗೆ ನನ್ನ ಮಗು, ಮಗಳು ಲೀನಾ ಹುಟ್ಟುವುದಕ್ಕೆ ಮೂರು ವರ್ಷ ಮೊದಲು ಏಳೇ ತಿಂಗಳಿಗೆ ಬಂದ ಗಂಡು ಮಗು, ಬಾಪ್ತಿಸ್ಮ ಆಗದ ಮಗುವಿಗೆ ಇಗರ್ಜಿಯ ಸಿಮಿತ್ರಿಯಲ್ಲಿ ಹೂಳಲು ಜಾಗ ಇಲ್ಲ ಎಂದು ಅಪ್ಪ ತಾನೇ ತೀರ್ಮಾನ ಮಾಡಿ ಹಿತ್ತಲಲ್ಲಿ ಗುಂಡಿ ತೋಡಿದರು, ಪಾದ್ರಿಗಳನ್ನು ಒಂದು ಮಾತು ಕೇಳಲಿಲ್ಲ, ಯಾರೂ ಕೇಳಲಿಲ್ಲ, ಕೇಳಿದ್ದರೆ ಕೊಡುತ್ತಿದ್ದರೋ ಏನೋ. ಸಹಿ ಯಾತಕ್ಕೆ, ಎಂದು ನಾನು ಬೆಂಜಮಿನನ ಮೇಲೆ ಹಾರಿದೆ, ಜಾಗ ಮಾರಲಿಕ್ಕಾ, ಅವನು ಬಾಯಿ ತೆರೆದು ನೋಡಿದ, ಜಾಗವಾ, ಯಾವ ಜಾಗ, ಇದು ಸತ್ತವರ ಹೆಸರಿನಲ್ಲಿ ಬದುಕಿದವರು ನೀರಿನಲ್ಲಿ ಮುಳುಗಿ ಬಾಪ್ತಿಸ್ಮ ತೆಗೆದುಕೊಳ್ಳುವುದು ಬರ್ತಾ, ಅವರು ಆಚೆ ಲೋಕದಲ್ಲಿ ಬೇಕಾದರೆ ಒಪ್ಪಬಹುದು, ಬೇಡವಾದರೆ ಬಿಡಬಹುದು, ನಿನ್ನ ಕಡೆಯವರಿಗೆ ನಿನ್ನ ಒಪ್ಪಿಗೆ ಬೇಕು, ಅಷ್ಟೇ, ಎಂದ, ನನ್ನ ಅಮ್ಮ ಹಾಗಾದರೆ ಬೇಡ ಎಂದೇ ಹೇಳುತ್ತಾಳೆ, ಬದುಕಿದ್ದಾಗ ಯಾವುದಕ್ಕೆ ಹೂಂ ಅಂದವಳು, ಎಂದು ನಗಬೇಕೆಂದಿದ್ದೆ, ನಗು ಬರಲಿಲ್ಲ, ಅವನು ದನಿ ತಗ್ಗಿಸಿ ಇನ್ನೊಂದು ಕೇಳಿದ, ನಮ್ಮ ಮಗುವನ್ನೂ ಬರೆಯುತ್ತೇನೆ, ಉಸಿರಾಡಿತ್ತಲ್ಲ? ಉಸಿರಾಡಿತ್ತಲ್ಲ — ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ, ಇದಕ್ಕೇ ಬಂದದ್ದು ಇವನು, ಕಾಫಿ, ಪುಸ್ತಕ, ಹುಡುಗರು, ಪಟ್ಟಿ, ಎಲ್ಲ ಸುತ್ತಿ ಬಳಸಿ ಇಲ್ಲಿಗೇ. ಸ್ವಲ್ಪ, ಎಂದೆ. ಸಮಯ ಸಿಗಲಿಲ್ಲ, ಎಂದೆ. ಅವನು ಗಲ್ಫಿನಿಂದ ಫೋನಿನಲ್ಲಿ, ಮಗುವಿಗೆ ಬಾಪ್ತಿಸ್ಮದ ನೀರು ಹಾಕಿದ್ರಾ, ಎಂದು ಕೇಳಿದ ದಿನ ಹೇಳಿದ್ದೂ ಇದೇ, ಸತ್ತವರ ಹಬ್ಬಕ್ಕೆ ಅವನು ಊರಲ್ಲಿದ್ದ ವರ್ಷಗಳಲ್ಲಿ ಆ ಕಲ್ಲಿನ ಮುಂದೆ ಮೇಣದಬತ್ತಿ ಹಚ್ಚುವಾಗ ಹೇಳುತ್ತಾ ಬಂದದ್ದೂ ಇದೇ, ಸಮಯ ಸಿಗಲಿಲ್ಲ ಬೆಂಜಮಿನ್, ಅವನು ಪ್ರತಿ ಸಲವೂ ತಲೆಯಾಡಿಸುತ್ತಿದ್ದ.

ಸಮಯ ಇತ್ತು. ನಲವತ್ತು ನಿಮಿಷ ಇತ್ತು. ಅಮ್ಮ ಅಪ್ಪನಿಗೆ ಹೇಳಲು ಹೋಗಿದ್ದಳು, ಡಾಕ್ಟರು ದಾರಿಯಲ್ಲಿದ್ದರು, ನರ್ಸ್ ಪಾಪ ಶೆಟ್ಟರ ಹುಡುಗಿ, ಬಾಪ್ತಿಸ್ಮ ಎಂದರೆ ಅವಳಿಗೆ ಏನು ಗೊತ್ತು, ಬಟ್ಟೆಯಲ್ಲಿ ಸುತ್ತಿ ಮಗುವನ್ನು ನನ್ನ ಪಕ್ಕ ಮಲಗಿಸಿದಳು, ಬಾಯಾರಿಕೆಯಾ ಅಕ್ಕ, ಎಂದು ಸ್ಟೀಲ್ ಲೋಟದಲ್ಲಿ ನೀರು ತಂದಿಟ್ಟಳು, ಅಂಚಿನವರೆಗೆ ತುಂಬಿದ ಲೋಟ, ಮಗುವಿನ ಎದೆ ಏರುತ್ತಿತ್ತು, ಇಳಿಯುತ್ತಿತ್ತು, ನನಗೆ ಗೊತ್ತಿತ್ತು, ಚಿಕ್ಕಂದಿನ ದೊತೊರ್ನ್ ಕ್ಲಾಸಿನಲ್ಲಿ, ಧರ್ಮಪಾಠದಲ್ಲಿ, ಸಿಸ್ಟರ್ ಹತ್ತು ಸಲ ಕಲಿಸಿದ್ದರು, ಪ್ರಾಣ ಹೋಗುವ ಹೊತ್ತಿಗೆ ಪಾದ್ರಿಯೇ ಬೇಕೆಂದಿಲ್ಲ, ಯಾರಾದರೂ ಹಾಕಬಹುದು, ಸಾದಾ ನೀರು ಸಾಕು, ಪಿತನ ಸುತನ ಪವಿತ್ರಾತ್ಮನ ಹೆಸರಿನಲ್ಲಿ, ಒಂದೇ ವಾಕ್ಯ, ಕೈ ಚಾಚಿ ಲೋಟ ತೆಗೆದುಕೊಂಡೆ, ಆದರೆ ಹಾಕಿದರೆ ಇದು ಸಾಯುತ್ತದೆ ಎಂದು ನಾನೇ ಒಪ್ಪಿದ ಹಾಗಾಗುತ್ತದಲ್ಲ, ಸಾಯುವ ಮಗುವಿಗಲ್ಲವಾ ಹಾಗೆ ಹಾಕುವುದು, ನನ್ನ ಮಗು ಸಾಯುವುದಿಲ್ಲ, ಇಗರ್ಜಿಯಲ್ಲಿಯೇ ಆಗಲಿ, ಬಿಳಿ ಬಟ್ಟೆ ತೊಡಿಸಿ, ಆಲ್ಫೋನ್ಸ್ ಪೆದ್ರು ಆಗಿ, ಜ್ಞಾನತಂದೆಯಾಗಿ ನಿಲ್ಲಲಿ, ಹೀಗೆಲ್ಲ ಯೋಚಿಸುತ್ತಾ ಆ ನೀರು ಕುಡಿದೆ, ಪೂರ್ತಿ ಕುಡಿದೆ, ಎಷ್ಟು ತಣ್ಣಗಿತ್ತು, ಎಷ್ಟು ರುಚಿ ಇತ್ತು, ಲೋಟ ಕೆಳಗಿಟ್ಟು ತಿರುಗಿದರೆ ಎದೆ ಏರಲಿಲ್ಲ. ಆ ಆಂಧ್ರದ ಹುಡುಗ ಹೇಳಿದ, ನಾವೆಲ್ಲ ಹುಟ್ಟುವುದಕ್ಕೆ ಮೊದಲು ದೇವರ ಹತ್ತಿರವೇ ಇದ್ದೆವಂತೆ, ದೇಹ ಪಡೆಯಲಿಕ್ಕೆ, ಪರೀಕ್ಷೆ ಬರೆಯಲಿಕ್ಕೆ ಇಲ್ಲಿಗೆ ಬರುವುದಂತೆ, ಚಿಕ್ಕವರಾಗಿ ಹೋದವರಿಗೆ ಪರೀಕ್ಷೆ ಇಲ್ಲ ಆಂಟಿ, ದೇಹ ಪಡೆದು ನೇರ ವಾಪಸ್, ಎಂಟು ವರ್ಷದೊಳಗಿನವರಿಗೆ ಬಾಪ್ತಿಸ್ಮವೇ ಬೇಡ, ಅವರಲ್ಲಿ ಪಾಪವೇ ಇಲ್ಲವಲ್ಲ, ಎಷ್ಟು ಸಲೀಸಾಗಿ ಹೇಳಿದ, ಸಾಲು ಬಾಯಿಪಾಠ ಮಾಡಿದ ಹಾಗೆ, ನನಗೆ ಎದ್ದು ಹೋಗಿ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು, ಕಾಲಿಗೆ ಬೀಳಬೇಕೆಂದೂ ಅನಿಸಿತು, ಹಾಗಾದರೆ ನಲವತ್ತು ನಿಮಿಷ ಸಾಕಾಯಿತಾ ಅದಕ್ಕೆ, ಇಷ್ಟು ಸುಲಭದಲ್ಲಿ ಬಿಡುಗಡೆ ಕೊಡುವವರನ್ನು ನಂಬಬಾರದು, ಬೇಕಾದ್ದನ್ನೇ ಹುಡುಕಿ ತಂದು ಬಾಗಿಲಲ್ಲಿ ನಿಲ್ಲುವವರನ್ನು ಮೊದಲೇ ನಂಬಬಾರದು. ಮಗ್ಗಿನ ಸದ್ದು ಜೋರಾಯಿತು, ಕೊನೆಯ ನೀರು ತಲೆಗೆ ಸುರಿದುಕೊಳ್ಳುತ್ತಿದ್ದಾನೆ.

ದಾರ ಬಿಚ್ಚಿದೆ, ಬಿಚ್ಚಿಯಾಯಿತು, ಇನ್ನು ಏನಾದರೂ ಆಗಲಿ — ಪಟ್ಟಿ, ಅವನದೇ ಗುಂಡು ಅಕ್ಷರ, ಅಪ್ಪನ ಹೆಸರು, ಅಮ್ಮನ ಹೆಸರು, ಅಜ್ಜಿ, ಪ್ರತಿಯೊಬ್ಬರ ಮುಂದೆ, ನೀರು: ಬರ್ತಾ ಒಪ್ಪಿದರೆ, ನೀರು: ಬರ್ತಾ ಒಪ್ಪಿದರೆ, ಕೊನೆಯ ಸಾಲು, ಮಗ, ಹುಟ್ಟಿದ್ದು ಬೆಳಿಗ್ಗೆ ಹತ್ತು ಇಪ್ಪತ್ತು, ತೀರಿದ್ದು ಹನ್ನೊಂದು, ನೀರು: ಬೇಕಿಲ್ಲ, ಚಿಕ್ಕವನು. ಹತ್ತು ಇಪ್ಪತ್ತು, ಹನ್ನೊಂದು, ಇವನಿಗೆ ಯಾರು ಹೇಳಿದರು, ಅಮ್ಮ ಸತ್ತಳು, ಆ ನರ್ಸ್ ಎಲ್ಲಿದ್ದಾಳೋ, ಈ ಗಂಟೆ ನಿಮಿಷ ಬರೆದ ಚೀಟಿ ಒಂದೇ ಒಂದು, ಆಸ್ಪತ್ರೆಯದ್ದು, ಅದನ್ನು ಆವತ್ತೇ ಹರಿದೆ, ಸರಿಯಾಗಿ ಎರಡು ತುಂಡು, ಬಿಸಾಡಲು ಕೈ ಬಾರದೆ ಟ್ರಂಕಿನ ತಳದಲ್ಲಿ ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟೆ, ಮತ್ತೆ ಬಿಡಿಸಿ ನೋಡಲಿಲ್ಲ, ಲೀನಾಳನ್ನು ಕಾರ್ಕಳಕ್ಕೆ ಮದುವೆ ಮಾಡಿ ಕೊಡುವಾಗ ಒಡವೆ ತೆಗೆಯಲು ಹೋಗಿ ಬೆರಳಿಗೆ ತಾಗಿತು, ಆಗಲೂ ನೋಡಲಿಲ್ಲ — ಇಲ್ಲಿದೆ, ಪಟ್ಟಿಯ ಹಿಂದೆಯೇ ಪಿನ್ನು ಮಾಡಿದ್ದಾನೆ, ಹಾಗಾದರೆ ಈ ತಿಂಗಳು ನನ್ನ ಟ್ರಂಕು ಜಾಲಾಡಿದ್ದಾನೆ, ಕಳ್ಳ, ಪ್ರಾರ್ಥನೆ ಮಾಡುವ ಕಳ್ಳ, ಹರಿದಲ್ಲಿ ಟೇಪು ಅಂಟಿಸಿ ಜೋಡಿಸಿಯೂ ಇದ್ದಾನೆ, ಏಸಿಯ ಪೈಪಿಗೆ ಸುತ್ತುವ ಹಾಗೆ ನೇರವಾಗಿ, ನೀಟಾಗಿ — ಟೇಪು ಹಳದಿ. ಟೇಪು ಯಾಕೆ ಹಳದಿ. ಉಗುರು ತಾಗಿಸಿದರೆ ಒಣಗಿದ ಮೀನಿನ ಹುರುಪೆಯ ಹಾಗೆ ಏಳುತ್ತಿದೆ, ಅಂಟೆಲ್ಲ ಒಣಗಿ ಕಾಗದ ಕಂದು ಬಣ್ಣಕ್ಕೆ ತಿರುಗಿದೆ, ಇದು ಈ ತಿಂಗಳಿನದ್ದಲ್ಲ, ಈ ವರ್ಷದ್ದಲ್ಲ, ಪುಸ್ತಕ ಸಿಗುವುದಕ್ಕೆ ಎಷ್ಟೋ ಮೊದಲಿನದ್ದು, ಯಾವುದೋ ರಜೆಯಲ್ಲಿ ಬಂದಾಗ ನೋಡಿದ್ದಾನೆ, ಜೋಡಿಸಿದ್ದಾನೆ, ಇದ್ದಲ್ಲಿಯೇ ಇಟ್ಟಿದ್ದಾನೆ, ಮತ್ತೆ ಆ ಕಲ್ಲಿನ ಮುಂದೆ ನನ್ನ ಪಕ್ಕ ನಿಂತು, ಸಮಯ ಸಿಗಲಿಲ್ಲ ಬೆಂಜಮಿನ್, ಹೌದು ಬರ್ತಾ, ಹೌದು, ಎಂದು ತಲೆಯಾಡಿಸಿದ್ದಾನೆ, ಎಷ್ಟು ವರ್ಷ, ಹತ್ತಾ, ಇಪ್ಪತ್ತಾ, ಉಸಿರಾಡಿತ್ತಲ್ಲ ಎಂದು ಗೊತ್ತಿದ್ದೂ ಕೇಳಿದ್ದಾನೆ, ನಾನಾಗಿ ಹೇಳಲಿ ಎಂದಾ, ಬೇಕಿಲ್ಲ ಎಂದು ಬರೆದದ್ದು ಮಗುವಿಗಾ ನನಗಾ, ಇದನ್ನು ಹೇಳುವ ದೇವರು ಸಿಗುವವರೆಗೆ ಊರೂರು ಹುಡುಕಿದನಾ ಈ ಮನುಷ್ಯ, ನಾನು ಇನ್ನೂ ನಂಬುವುದಿಲ್ಲ, ಚಿನ್ನದ ತಗಡನ್ನು ನಂಬುವುದಿಲ್ಲ, ತೋಪಿನ ಬೆಳಕನ್ನು ನಂಬುವುದಿಲ್ಲ, ಆದರೆ ಈ ಹಳದಿ ಟೇಪು — ಚಿಲಕ ತೆಗೆದ ಸದ್ದು, ಒದ್ದೆ ಕಾಲು, ಬಾಗಿಲಲ್ಲಿ ನಿಂತಿದ್ದಾನೆ, ಫೈಲನ್ನು ನೋಡಿದ, ನನ್ನನ್ನು ನೋಡಿದ, ಬರ್ತಾ, ನೀರು ಕೊಡು, ಎಂದ, ಎದ್ದೆ, ಲೋಟ ತೆಗೆದೆ, ತುಂಬಿಸಿದೆ, ಅವನು ಕೈ ಚಾಚಿದ್ದಾನೆ, ಕೊಡಬೇಕು, ಕೊಟ್ಟರೆ ಆಯಿತು, ಬೆಂಜಮಿನ್, ಎಂದೆ, ಸಮಯ, ಸಮಯ — ಸ್ಟೀಲ್ ಲೋಟ, ಅಂಚಿನವರೆಗೆ ನೀರು, ನನ್ನ ಕೈಯಲ್ಲಿ.